ಮೊಂಡಾದ ಮೇಲೆ ಬಂದ ಚಾಕು

ಗಟ್ಟಿ ಉಕ್ಕಿನ ಚಾಕು ಮೊಂಡಾದ ಮೇಲೆ ಮೊದಲ ಬಾರಿಗೆ ಸಾಣೆಕಲ್ಲಿನ ಮುಂದೆ ಬಂದಿತು. ಅಡುಗೆಯ ಶೇಷಮ್ಮನವರು ಎಷ್ಟು ಉಜ್ಜಿದರೂ ಅಲಗು ಹರಿತವಾಗಲಿಲ್ಲ. "ಹೀಗೇ ಆದರೆ ನಿನಗೆ ಡಬ್ಬಿಯ ಮುಚ್ಚಳ ಮೀಟುವ ಕೆಲಸವೇ ಗತಿ," ಎಂದು ಗದರಿದರು. ಮೆದು ಕಬ್ಬಿಣದ ಚಾಕು ಮಾತ್ರ ನಾಲ್ಕು ಸಲ ತೀಡಿದೊಡನೆ ಹರಿತಗೊಂಡಿತು.

ಗಟ್ಟಿ ಚಾಕಿಗೆ ತಲೆಬುಡ ತಿಳಿಯಲಿಲ್ಲ. "ಗುರುಗಳೇ, ಇವನಿಗಿಂತ ನಾನು ಮೇಲಲ್ಲವೇ?"

"ಸಂದೇಹವೇ ಇಲ್ಲ," ಎಂದಿತು ಸಾಣೆಕಲ್ಲು.

"ಮತ್ತೆ ಇವನಿಗೇಕೆ ಇಷ್ಟು ಸಲೀಸು?"

ಮೆದು ಚಾಕು ನಕ್ಕಿತು. "ನನ್ನ ಹರಿತ ಸಂಜೆಯವರೆಗೂ ನಿಲ್ಲದು, ಅಣ್ಣಯ್ಯ. ಅದಕ್ಕೇ ದಿನವೂ ಬರುತ್ತೇನೆ."

"ನನಗೆ ತಿಂಗಳುಗಟ್ಟಲೆ ಅಗತ್ಯವೇ ಬೀಳಲಿಲ್ಲವಲ್ಲ!"

"ಆಗಲೇ ಬಂದಿದ್ದರೆ ನಿನಗೂ ನಾಲ್ಕೇ ಸಲ ಸಾಕಾಗುತ್ತಿತ್ತು," ಎಂದಿತು ಕಲ್ಲು.

ಶೇಷಮ್ಮನವರು ಬೇಸತ್ತು ಗಟ್ಟಿ ಚಾಕುವನ್ನು ಬೆಲ್ಲದ ಡಬ್ಬಿಯ ಮುಚ್ಚಳ ಮೀಟಲು ಹಚ್ಚಿದರು. ಮುಚ್ಚಳದಡಿ ನರಳುತ್ತಲೂ ಚಾಕು ಯೋಚಿಸುತ್ತಲೇ ಇತ್ತು: ಅಗತ್ಯವಿಲ್ಲದಾಗ ಯಾರಾದರೂ ಗುರುವಿನ ಬಳಿಗೆ ಹೋಗುತ್ತಾರೆಯೇ?