ಕರಿಬೇವಿಗೆ ಚೆಲ್ಲಿದ ಹೆಪ್ಪು

“ಗುರುಗಳೇ, ವಿದ್ಯೆಯನ್ನು ಯೋಗ್ಯರಿಗೆ ಮಾತ್ರ ಕೊಡಬೇಕಲ್ಲವೇ?” ಎಂದು ಶಿಷ್ಯ ಮರುಳಯ್ಯ ಕೇಳಿದ.

ಮಠದ ಹಿಂದೆ ಕಾಯಿಪಲ್ಲೆಯ ಮಡಿಗಳಿದ್ದವು. ಅಲ್ಲಿ ಕೆಲಸಕ್ಕಿದ್ದವನೊಬ್ಬ ಪಾಠದ ಹೊತ್ತಿಗೆ ಸರಿಯಾಗಿ ಗುದ್ದಲಿ ಕೆಳಗಿಟ್ಟು ಕಿಟಕಿಯ ಕೆಳಗೆ ಬಂದು ಕೂರುತ್ತಿದ್ದ. ಅವನಿಗೆ ಅಕ್ಷರ ಬರುತ್ತಿರಲಿಲ್ಲ. ಮರುಳಯ್ಯ ಹನ್ನೆರಡು ವರ್ಷ ಓದಿದವನು. ಅವನಿಗೆ ಇದನ್ನು ಸಹಿಸಲಾಗುತ್ತಿರಲಿಲ್ಲ.

“ಯೋಗ್ಯತೆಯಿಲ್ಲದ ಕಡೆ ಬಿದ್ದ ವಿದ್ಯೆ ಕೆಡುತ್ತದೆ. ನೀವು ಹೂಂ ಅನ್ನಿ, ನಾಳೆಯಿಂದ ಅವನು ಕಿಟಕಿಯ ಹತ್ತಿರ ಸುಳಿಯದಂತೆ ನೋಡಿಕೊಳ್ಳುತ್ತೇನೆ” ಎಂದ.

ಗುರುಗಳು ನಕ್ಕರು. “ಆಗಲಿ. ಮೊದಲು ಒಂದು ಕತೆ ಕೇಳು. ಹನ್ನೆರಡು ವರ್ಷ ಕೂತವನಿಗೆ ಇನ್ನೊಂದು ಗಳಿಗೆ ಕೂರುವುದೇನೂ ಭಾರವಲ್ಲ” ಎಂದು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಗೃಹಿಣಿ ಇದ್ದಳು. ಅವಳ ಮನೆಯ ಮೊಸರು ಊರಿಗೆಲ್ಲ ಹೆಸರುವಾಸಿ. ಅದರ ಹೆಪ್ಪು ಅವಳಿಗೆ ಅತ್ತೆಯಿಂದ ಬಂದಿತ್ತು, ಅತ್ತೆಗೆ ಅವಳ ಅತ್ತೆಯಿಂದ. ಎಷ್ಟು ತಲೆಮಾರಿನದು ಎಂದು ಯಾರಿಗೂ ತಿಳಿಯದು. ಇವತ್ತಿನ ಮೊಸರಿನ ಒಂದು ಚಮಚ ನಾಳೆಯ ಹಾಲಿಗೆ. ಹೀಗೆ ಅದು ಒಂದು ದಿನವೂ ನಿಲ್ಲದೆ ನಡೆದು ಬಂದಿತ್ತು. ಅತ್ತೆ ಈಗ ಹಾಸಿಗೆ ಹಿಡಿದಿದ್ದಳು. ಅನ್ನಕ್ಕೆ ಆ ಮೊಸರು ಕಲಸಿ ಕೊಟ್ಟರೆ ನಾಲ್ಕು ತುತ್ತು ಉಣ್ಣುತ್ತಿದ್ದಳು. ಬೇರೇನೂ ಅವಳ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಹೆಪ್ಪು ಕೇಳಿ ಬಂದವರನ್ನು ಬರಿಗೈಯಲ್ಲಿ ಕಳಿಸಬಾರದೆಂಬುದು ಆ ಊರಿನ ವಾಡಿಕೆ. ಈ ಗೃಹಿಣಿ ಮಾತ್ರ ಬಂದವರ ಬಟ್ಟಲು ನೋಡುತ್ತಿದ್ದಳು. ಬೆಳ್ಳಿಯದಾದರೆ ತುಂಬಿ ಕೊಡುತ್ತಿದ್ದಳು. ಕಂಚಿನದಾದರೆ ಒಂದು ಚಮಚ. ಒಂದು ದಿನ ಬೆಳಿಗ್ಗೆ ಸೊಪ್ಪಿನವಳೊಬ್ಬಳು ತೆಂಗಿನ ಕರಟ ಹಿಡಿದು ಬಂದಳು. ಹೊಲದ ಬದು, ಕೆರೆಯ ಅಂಚು ಸುತ್ತಿ, ತಾನಾಗಿ ಬೆಳೆದ ಸೊಪ್ಪು ಆಯ್ದು ಬದುಕುವವಳು. ಬುಡ ಉಳಿಸಿ ತುದಿ ಚಿವುಟುವುದು ಅವಳ ನೇಮ. ಮನೆಯಲ್ಲಿ ಒಂದು ಮೇಕೆ ಕಟ್ಟಿದ್ದಳು.

“ಕರಟಕ್ಕೆ ಹಾಕಿದರೆ ನಮ್ಮ ಹೆಪ್ಪಿಗೆ ಅವಮಾನ. ಬೇಕಾದರೆ ಹಿತ್ತಲಿನ ಸೊಪ್ಪು ಆಯ್ದುಕೊಂಡು ಹೋಗು” ಎಂದಳು ಗೃಹಿಣಿ.

ಸೊಪ್ಪಿನವಳು ಹಿತ್ತಲಿಗೆ ಹೋದಳು. ಅಲ್ಲಿ ಕರಿಬೇವಿನ ಗಿಡ ಇತ್ತು. ಮೊಸರಿನ ಗಡಿಗೆ ತೊಳೆದ ಮೊದಲ ನೀರನ್ನು ಕರಿಬೇವಿಗೆ ಹಾಕುವುದು ಎಲ್ಲ ಮನೆಗಳಲ್ಲೂ ಇದ್ದದ್ದೇ. ಗಿಡ ಚೆನ್ನಾಗಿ ಚಿಗುರುತ್ತದೆ. ಆಗತಾನೆ ಹಾಕಿದ್ದ ನೀರು ಮಣ್ಣಿಗೆ ಇಳಿದುಹೋಗಿತ್ತು. ಕೆಳಗಿನ ಒಂದು ಎಲೆಯ ಮೇಲೆ ಮಾತ್ರ ಬಿಳಿಯ ಹನಿಯೊಂದು ನಿಂತಿತ್ತು. ಎಳೆ ಬಿಸಿಲು ಅದರೊಳಗೆ ಕೂತಿತ್ತು. ಅವಳು ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ ಎಲೆಯನ್ನು ಮೆಲ್ಲಗೆ ಚಿವುಟಿ ಅಂಗೈಯಲ್ಲಿ ಇಟ್ಟುಕೊಂಡು, ಊರ ಬೀದಿಯಲ್ಲಿ ನಿದ್ದೆಯಲ್ಲಿ ನಡೆಯುವವಳ ಹಾಗೆ ನಡೆದಳು. ಯಾರು ಮಾತಾಡಿಸಿದರೂ ಓಗೊಡಲಿಲ್ಲ. ಮನೆ ಮುಟ್ಟಿ, ಉಗುರು ಬೆಚ್ಚಗಿನ ಮೇಕೆ ಹಾಲಿಗೆ ಹನಿಯನ್ನು ಎಲೆಯ ಸಮೇತ ಬಿಟ್ಟಳು. ಮೊದಲ ದಿನ ಹಾಲು ಸುಮ್ಮನೆ ಹುಳಿಯಾಯಿತು. ಅದರಿಂದ ಎರಡನೆಯ ದಿನ ಹಾಕಿದ್ದು ಅಂಚಿನಲ್ಲಿ ಮಂದವಾಯಿತು. ಮೂರನೆಯ ದಿನ ಗಟ್ಟಿ ಮೊಸರು.

ಮಳೆ ಕಳೆದು ಚಳಿ ಬಂತು. ಗೃಹಿಣಿಯ ಮನೆಗೆ ಬೀಗರು ಬಂದರು. ಮೊಸರೆಲ್ಲ ಬಡಿಸಿ ಆಯಿತು. ಗಡಿಗೆಯನ್ನು ಬೂದಿ ಹಾಕಿ ಉಜ್ಜಿ ಬಿಸಿಲಿಗೂ ಇಟ್ಟಾಯಿತು. ಉಳಿದದ್ದು ಬಟ್ಟಲಲ್ಲಿ ತೆಗೆದಿಟ್ಟ ಒಂದೇ ಚಮಚ. ಬೀಗಿತ್ತಿಯ ಜೊತೆ ಮಾತಿನ ಭರದಲ್ಲಿ ಅವಳು ಆ ಚಮಚವನ್ನು ಕುದಿಯುತ್ತಿದ್ದ ಹಾಲಿಗೆ ಹಾಕಿಬಿಟ್ಟಳು. ಮೂವತ್ತು ವರ್ಷ ಹೆಪ್ಪು ಹಾಕಿದ ಕೈ. ಕೈಗೆ ಹದ ಗೊತ್ತಿತ್ತು, ಮಾತಾಡುತ್ತಿದ್ದ ಬಾಯಿ ಅದಕ್ಕೆ ಬಿಡುವು ಕೊಡಲಿಲ್ಲ. ಮರುದಿನ ನೋಡಿದರೆ ಹಾಲು ಹಾಲಾಗಿಯೇ ಇತ್ತು.

ನಿಂಬೆರಸ ಹಿಂಡಿದಳು. ಮೆಣಸಿನಕಾಯಿಯ ತೊಟ್ಟು ಹಾಕಿದಳು. ಹೇಗೋ ಮೊಸರೇನೋ ಆಯಿತು. ಅತ್ತೆ ಒಂದು ತುತ್ತು ಬಾಯಿಗಿಟ್ಟು ಉಗಿದಳು. ಎರಡು ದಿನ ಉಣ್ಣಲಿಲ್ಲ. ಮೂರನೆಯ ದಿನ ಅವಳಿಗೆ ಕಣ್ಣು ತೆರೆಯುವುದೂ ಕಷ್ಟವಾಯಿತು. ತನ್ನ ಕೈಯಿಂದಲೇ ಅತ್ತೆ ಹಸಿದು ಸಾಯುತ್ತಾಳೆ ಎಂದು ಗೃಹಿಣಿ ಅತ್ತಳು. ಬಟ್ಟಲು ಹಿಡಿದು ಬೆಳ್ಳಿ ಬಟ್ಟಲಿನ, ಕಂಚಿನ ಬಟ್ಟಲಿನ ಮನೆಗಳಿಗೆಲ್ಲ ಹೋದಳು. “ನಾವೇಕೆ ಉಳಿಸಿಕೊಳ್ಳೋಣ? ಬೇಕೆಂದಾಗ ನೀವೇ ಕೊಡುತ್ತಿದ್ದಿರಲ್ಲ” ಎಂದರು ಅವರು. ಕೊಟ್ಟದ್ದನ್ನು ಉಂಡು ಬಟ್ಟಲು ತೊಳೆದಿಟ್ಟಿದ್ದರು.

ಅವಳು ದಾರಿ ನೋಡದೆ ನಡೆದಳು. ಊರ ಕೊನೆಯ ಗುಡಿಸಲಿನ ಹತ್ತಿರ ಬಂದಾಗ ತನ್ನ ಅಡುಗೆಮನೆಯ ವಾಸನೆ ಬಂತು. ತಿರುಗಿ ಮನೆಗೇ ಬಂದೆನೇನೋ ಅಂದುಕೊಂಡಳು. ಒಳಗೆ ಸೊಪ್ಪಿನವಳು ಮಜ್ಜಿಗೆ ಕಡೆಯುತ್ತಿದ್ದಳು. ಬಾಗಿಲಲ್ಲಿ ನಾಲ್ಕಾರು ಮಂದಿ ಕರಟ, ಕುಡಿಕೆ ಹಿಡಿದು ಹೆಪ್ಪಿಗೆ ಕಾದಿದ್ದರು. ಗೃಹಿಣಿ ಅವರ ಹಿಂದೆ ನಿಂತಳು.

ಸರದಿ ಬಂದಾಗ, “ಈ ಹೆಪ್ಪು ನಿನಗೆ ಯಾರು ಕೊಟ್ಟರು?” ಎಂದು ಕೇಳಿದಳು.

“ನೀವೇ ಅವ್ವಾ. ನೀವು ಕರಿಬೇವಿಗೆ ಕೊಟ್ರಿ, ಕರಿಬೇವು ನನಗೆ ಕೊಡ್ತು” ಎಂದಳು ಸೊಪ್ಪಿನವಳು. ಮಾತಿನಲ್ಲಿ ಕೊಂಕಿರಲಿಲ್ಲ. ಬಟ್ಟಲು ಎಂಥದೆಂದು ನೋಡದೆ ತುಂಬಿ ಕೊಟ್ಟಳು.

ಗೃಹಿಣಿ ಮನೆಗೆ ಬಂದವಳೇ ಒಂದು ಚಮಚ ತೆಗೆದಿಟ್ಟು, ಉಳಿದದ್ದನ್ನು ಅನ್ನಕ್ಕೆ ಕಲಸಿ ಅತ್ತೆಯ ಬಾಯಿಗಿಟ್ಟಳು. ಮುದುಕಿ ಕಣ್ಣು ಮುಚ್ಚಿಕೊಂಡೇ ನುಂಗಿದಳು. ಇನ್ನೊಂದು ತುತ್ತಿಗೆ ಬಾಯಿ ತೆರೆದಳು. ನಾಲ್ಕನೆಯ ತುತ್ತಾದ ಮೇಲೆ, “ಇಷ್ಟು ದಿನ ಇದು ಎಲ್ಲಿಗೆ ಹೋಗಿತ್ತಮ್ಮ?” ಎಂದು ಕೇಳಿದಳು. ಸೊಸೆ ನಾಚಿ ತಲೆ ತಗ್ಗಿಸಿ, ಮುಂದಿನ ತುತ್ತು ಕಲಸಿದಳು.

ಗುರುಗಳು ಕತೆ ನಿಲ್ಲಿಸಿದರು. “ಕತೆ ಚೆನ್ನಾಗಿದೆ, ಗುರುಗಳೇ. ಆದರೆ ಹೆಪ್ಪಿನ ಮಾತು ಬೇರೆ, ವಿದ್ಯೆಯ ಮಾತು ಬೇರೆ. ಹೊರಗೆ ಕೂತು ಕಿವಿಗೆ ಬಿದ್ದಷ್ಟು ಕೇಳಿ ಯಾರಾದರೂ ವಿದ್ಯೆ ಕಲಿತದ್ದುಂಟೇ?” ಎಂದ ಮರುಳಯ್ಯ.

“ನನ್ನ ಗುರುಗಳು ನನಗೆ ಒಂದು ದಿನವೂ ಪಾಠ ಹೇಳಿದವರಲ್ಲ, ಮರುಳಯ್ಯ; ನಾನು ಅವರ ಮಠದ ದನ ಕಾಯುತ್ತಿದ್ದೆ” ಎಂದರು ಗುರುಗಳು.