ಎರಡು ಕೊಡೆಗಳ ನಡುವಿನ ನೆರಳು

"ಮತ್ತೆ ಶುರುವಾಯಿತಾ! ಒಂದು ಗರ ಹಾಕುವಷ್ಟರಲ್ಲಿ ಮತ್ತೆ ರಾಗ! ಈ ಅರಮನೆಯಲ್ಲಿ ನನಗೆ ನೆಮ್ಮದಿಯಾಗಿ ಒಂದಾಟ ಮುಗಿಸುವ ಯೋಗವೂ ಇಲ್ಲವೇ?"

ಪಾಳೇಗಾರನ ಹೆಂಡತಿ ಹೊನ್ನಾಜಮ್ಮ ಕವಡೆಗಳನ್ನು ಜಮಖಾನದ ಮೇಲೆ ಕುಕ್ಕಿದಳು. ಎದುರು ಕೂತು ಆಡುತ್ತಿದ್ದವನು ಅಡಪದ ಸಂಕಣ್ಣ. ವೀಳ್ಯ ಮಡಚಿ ಕೊಡುವುದು ಅವನ ಕೆಲಸ, ಎದುರುತ್ತರ ಕೊಡುವುದು ಅವನ ಅಭ್ಯಾಸ.

ನಡುಹಗಲು. ಕಲ್ಲಂಗಳದಲ್ಲಿ ಅಕ್ಕಪಕ್ಕ ಎರಡು ದೊಡ್ಡ ಕೊಡೆ ನೆಟ್ಟಿದ್ದರು. ಒಂದರ ಕೆಳಗೆ ಹೊನ್ನಾಜಮ್ಮ, ಇನ್ನೊಂದರ ಕೆಳಗೆ ನಾದಿನಿ ವೀರಾಜಿ. ಎರಡೂ ದುಂಡು ನೆರಳು ಒಂದರ ಮೇಲೊಂದು ಬಿದ್ದ ಕಡೆ ಮಾವಿನೆಲೆಯಂಥದೊಂದು ತುಂಡು. ದಾಸಿ ಕೆಂಚಿಯ ಕೂಸು ಅದರಲ್ಲಿ ಮಲಗಿ ಕಿರುಚುತ್ತಿತ್ತು.

"ನನ್ನ ನೆರಳಲ್ಲಿ ದಾಸಿಯ ಕೂಸೇ? ಬಿಸಿಲಿಗೆ ಹಾಕು! ಇನ್ನೊಬ್ಬರ ನೆರಳಿಗೆ ನುಗ್ಗುವವರನ್ನು ಅರಮನೆಯಿಂದಲೇ ಅಟ್ಟಬೇಕು," ಎಂದು ಹೊನ್ನಾಜಮ್ಮ ಗದರಿದಳು.

ಕೆಂಚಿ ಕೂಸಿನ ಪಕ್ಕ ಕೂತು ತಟ್ಟತೊಡಗಿದಳು. ಅಂಗಳದ ಕಲ್ಲು ಕಾದ ಹೆಂಚಾಗಿತ್ತು.

"ನನ್ನ ನೆರಳಲ್ಲಿ ಮಲಗಿಸು ಅಂದವಳು ನಾನು, ಅತ್ತಿಗೆ," ಎಂದಳು ವೀರಾಜಿ.

"ನಿನ್ನದು ಆ ಕಡೆ. ಈ ತುಂಡು ನನ್ನದು."

ಸಂಕಣ್ಣ ಸುಣ್ಣದ ಡಬ್ಬಿ ತೆಗೆದು, ಎರಡು ನೆರಳಿಗೂ ಸುತ್ತ ದುಂಡಗೆ ಗೆರೆ ಎಳೆದ. "ನಡುವಿನ ಎಲೆ ಎರಡು ದುಂಡಿನೊಳಗೂ ಬರುತ್ತದಲ್ಲ, ಅಮ್ಮನವರೇ?"

"ಬಂದರೆ ಬರಲಿ. ಎಲೆ ನನ್ನದು."

"ಅಂದರೆ ವೀರಾಜಮ್ಮನವರ ನೆರಳು ಇಲಿ ಕಚ್ಚಿದ ರೊಟ್ಟಿ?"

"ಹಾಗೇ ಅಂದುಕೋ. ಇಲ್ಲಿ ಯಜಮಾನಿ ನಾನು."

"ಖಂಡಿತ. ಕಚ್ಚಿದ ರೊಟ್ಟಿಗೆ ಇಲಿಯೇ ಯಜಮಾನಿ."

ವೀರಾಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹೊನ್ನಾಜಮ್ಮನ ಮೂಗು ಕೆಂಪಾಗುವ ಮೊದಲೇ ಸಂಕಣ್ಣ ಕೈಮುಗಿದ. "ಕೂಸನ್ನು ಎತ್ತುವ ರಗಳೆಯೇ ಬೇಡ. ನೆರಳು ನಿಮ್ಮದು ತಾನೇ? ಕೊಡೆ ಮಡಚಿಸಿ. ಅದು ತಾನಾಗಿ ಬಿಸಿಲಿಗೆ ಬೀಳುತ್ತದೆ. ಎಲ್ಲರಿಗೂ ಸಾಕ್ಷಿ ಸಿಕ್ಕ ಹಾಗಾಯಿತು."

ಹೊನ್ನಾಜಮ್ಮನಿಗೆ ಖುಷಿಯೋ ಖುಷಿ. "ಮಡಚಿರೋ!"

ಆಳುಗಳು ಕೊಡೆ ಮಡಚಿದರು. ಬಿಸಿಲು ಬಡಿಯಿತು. ಸಂಕಣ್ಣನ ತಲೆಗೆ ರುಮಾಲಿತ್ತು, ಹೊನ್ನಾಜಮ್ಮನ ತಲೆಗೆ ಬರೀ ಮಲ್ಲಿಗೆ. ಹಣೆಯ ಕುಂಕುಮ ಕರಗಿ ಮೂಗಿಗಿಳಿಯಿತು. ಅವಳು ಕಣ್ಣು ಕಿರಿದು ಮಾಡಿ ನೋಡಿದರೆ, ಎಲೆಯೊಳಗೆ ಅದೇ ನೆರಳು. ಕೆಂಚಿ ತಟ್ಟುತ್ತಿದ್ದ ಕೂಸು ಬೆರಳು ಚೀಪುತ್ತಾ ನಿದ್ದೆ ಹೋಗಿತ್ತು.

"ಒಂದು ಚೂರೂ ಹೋಗಲಿಲ್ಲವಲ್ಲ!" ಎನ್ನುತ್ತಾ ಅವಳು ಜಮಖಾನ ಬಿಟ್ಟೆದ್ದಳು. ಬರಿಗಾಲು ಕಲ್ಲಿಗೆ ತಾಗಿದ್ದೇ "ಅಯ್ಯಯ್ಯೋ" ಎಂದು ಕುಣಿದು, ಒಂದೇ ನೆಗೆತಕ್ಕೆ ಎಲೆಯೊಳಗೆ ಬಂದು ಕೂಸಿನ ಪಕ್ಕ ನಿಂತಳು.

ಸಂಕಣ್ಣ ತಲೆಬಾಗಿದ.

"ನಿಮ್ಮ ನೆರಳನ್ನು ಪೂರ್ತಿ ಮಡಚಿಟ್ಟಿದ್ದೇವೆ, ಅಮ್ಮನವರೇ. ಉಳಿದಿರುವುದು ವೀರಾಜಮ್ಮನವರದು. ಅಪ್ಪಣೆಯಾಗಿ ಮಲಗಿದ್ದು ಕೂಸು, ಅಪ್ಪಣೆಯಿಲ್ಲದೆ ನುಗ್ಗಿದವರು ತಾವು. ಈಗ ಅರಮನೆಯಿಂದ ಯಾರನ್ನು ಅಟ್ಟೋಣ?"