ಎಮ್ಮೆ ಒಂದು ಕಡೆ, ಗುರುತು ಒಂದು ಕಡೆ

ಒಬ್ಬ ತಾಯಿಗೆ ಒಬ್ಬನೇ ಮಗ. ತಾಯಿ ಫಕೀರವ್ವ, ಮಗ ಅಡಿವೆಪ್ಪ. ಕೊಟ್ಟಿಗೆಯಲ್ಲಿ ಒಂದೇ ಎಮ್ಮೆ, ಅದರ ಹೆಸರು ಕರೆವ್ವ. ಮೂವರಲ್ಲಿ ಬುದ್ಧಿ ಇದ್ದದ್ದು ಇಬ್ಬರಿಗೆ. ಆ ಇಬ್ಬರಲ್ಲಿ ಅಡಿವೆಪ್ಪ ಇರಲಿಲ್ಲ ಎಂದು ನಾನು ಬಾಯಿಬಿಟ್ಟು ಹೇಳಬೇಕೇ?

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಎಲ್ಲ ಊರಲ್ಲೂ ಇದ್ದಾರೆ. ಅಡಿವೆಪ್ಪ ಹಾಗೆ ಅನ್ನುವವನಲ್ಲ, ಹೋಗಿ ಕಟ್ಟಿಯೇ ಬರುವವನು. ಮೈಮುರಿದು ದುಡಿಯುತ್ತಾನೆ, ಎದುರು ಮಾತಾಡುವುದಿಲ್ಲ, ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಾನೆ. ಫಕೀರವ್ವನಿಗೆ ಬಂದ ಕಷ್ಟವೂ ಅದೇ.

ಫಕೀರವ್ವನ ಮೊಸರೆಂದರೆ ಸುತ್ತಲಿನ ಊರಿಗೆಲ್ಲ ಆಸೆ. ಅದಕ್ಕೇ ಅಡಿವೆಪ್ಪ ಫೋನಿನ ಜಾಲತಾಣದಲ್ಲಿ ‘ಕರೆವ್ವನ ಮೊಸರು’ ಎಂದು ಒಂದು ಪ್ರೊಫೈಲು ತೆರೆದಿದ್ದ. ಅದರಲ್ಲಿ ಒಂದು ಕಡೆ ಒತ್ತಿದರೆ ನಕಾಶೆ ಬರುತ್ತದೆ, ನಕಾಶೆಯಲ್ಲಿ ಕೆಂಪು ಗುರುತು ಬರುತ್ತದೆ, ಗುರುತು ಹಿಡಿದು ಬಂದರೆ ಮನೆ ಸಿಗಬೇಕು. ತೆರೆಯುವಾಗ ಫೋನು ಕೇಳಿದ್ದಕ್ಕೆಲ್ಲ ಇವನು ಹೂಂ ಎಂದ. ಪರಿಣಾಮ, ಫೋನಿನಲ್ಲಿದ್ದ ಫೋಟೋಗಳೆಲ್ಲ ಪ್ರೊಫೈಲಿಗೆ ಹೋದವು, ಫಕೀರವ್ವ ಬಾಯಿ ತೆರೆದುಕೊಂಡು ಮಲಗಿದ್ದ ಫೋಟೋವನ್ನು ಇಡೀ ಊರು ನೋಡಿತು.

“ಇನ್ನ ಮ್ಯಾಲೆ ಫೋನು ಏನ್ ಕೇಳಿದ್ರೂ ಒಲ್ಲೆ ಅನ್ನಲೇ,” ಎಂದು ತಾಯಿ ಬೈದಿದ್ದಳು.

“ಆತ ಬೇ,” ಎಂದಿದ್ದ ಅಡಿವೆಪ್ಪ.

ಈಗ ಕತೆಗೆ ಬರೋಣ. ಎಮ್ಮೆ ದಿನ ತುಂಬಿ ನಿಂತಿತ್ತು. ಹಾಲು ಬತ್ತಿ ಮೊಸರಿನ ಗಡಿಗೆ ಬೋರಲು ಬಿದ್ದಿತ್ತು. ಕರೆವ್ವ ಕರು ಹಾಕಿದರೆ ಮನೆಯ ಒಲೆ ಉರಿಯಬೇಕು, ಇಲ್ಲದಿದ್ದರೆ ಇಲ್ಲ. ಒಂದು ಬೆಳಿಗ್ಗೆ ನೋವು ಶುರುವಾಯಿತು. ಬಿಸಿಲೇರಿದರೂ ಕರು ಬರಲಿಲ್ಲ. ಒಂದು ಗೊರಸು ಮಾತ್ರ ಹೊರಗೆ ಕಂಡಿತು, ಇನ್ನೊಂದು ಕಾಲು ಒಳಗೇ ಮಡಚಿ ಸಿಕ್ಕಿಕೊಂಡಿತ್ತು. ಕರೆವ್ವ ನರಳಿತು. ಫಕೀರವ್ವ ಮಗನನ್ನು ಕೂಗಿದಳು.

“ಅಡಿವೆಪ್ಪಾ, ದನದ ಡಾಕ್ಟರಿಗೆ ಫೋನ್ ಹಚ್ಚು. ಲಗೂ.”

ದನದ ಡಾಕ್ಟರು ನಜೀರ್ ಸಾಹೇಬರು ತಾಲ್ಲೂಕಿಗೆ ಹೊಸಬರು. “ಯಾವ ಊರು?” ಎಂದರು. “ಹೊಸೂರ್ರಿ,” ಎಂದ ಇವನು. ಆ ತಾಲ್ಲೂಕಿನಲ್ಲಿ ಹೊಸೂರುಗಳಿಗೆ ಬರವಿಲ್ಲ. “ಯಾವ ಹೊಸೂರು?” “ನಮ್ಮ ಹೊಸೂರ್ರಿ, ಕೆರಿ ಐತಲ್ರೀ.” ಕೆರೆ ಇಲ್ಲದ ಹೊಸೂರು ಯಾವುದಿದೆ? ಸಾಲದ್ದಕ್ಕೆ ಕೊಟ್ಟಿಗೆಯ ಹತ್ತಿರ ಫೋನಿನ ಮಾತು ಅರ್ಧ ಕಿವಿಗೆ ಬಂದರೆ ಅರ್ಧ ಗಾಳಿಗೆ ಹೋಗುತ್ತದೆ. ಡಾಕ್ಟರು ಬೇಸತ್ತು, ಅವನ ನಂಬರಿನ ಜೊತೆ ಕಂಡ ‘ಕರೆವ್ವನ ಮೊಸರು’ ನೋಡಿ, “ನಿನ್ನ ಪ್ರೊಫೈಲಿನಾಗ ಗುರುತು ಐತಲ್ಲ, ಅದನ್ನ ಹಿಡಿದು ಬರ್ತೀನಿ,” ಎಂದು ಮೋಟರ್‌ಸೈಕಲ್ ಹತ್ತಿದರು.

ಬಹಳ ಹೊತ್ತಿನ ಮೇಲೆ ಅವರ ಫೋನು ಬಂತು. “ಬೆಣ್ಣಿಹಾಳಕ್ಕ ಬಂದೀನಿ. ಎಲ್ಲಿ ಐತಿ ಎಮ್ಮಿ?”

ಬೆಣ್ಣಿಹಾಳ ಫಕೀರವ್ವನ ತವರೂರು. ಹೊಸೂರು ಇರುವುದು ತೆಂಕಣಕ್ಕೆ, ಬೆಣ್ಣಿಹಾಳ ಬಡಗಣಕ್ಕೆ.

“ಯಾಕಲೇ ನನ್ನ ತವರೂರು ಹಾಕಿದಿ?” ಎಂದಳು ತಾಯಿ.

“ನಿಮ್ಮ ಊರು ಯಾವುದು ಅಂತ ಕೇಳಿತು ಬೇ. ಚೊಚ್ಚಲ ಬಾಣಂತನ ತವರಾಗಂತ ಅಲ್ಲೇ ನನ್ನ ಹಡದಿ. ನಾ ಹುಟ್ಟಿದ್ದು ಅಲ್ಲೇ ಅಲ್ಲೇನ?”

ಫಕೀರವ್ವ ಹಣೆ ಹಣೆ ಬಡಿದುಕೊಂಡಳು. “ಹುಟ್ಟಿದ ಜಾಗ ಯಾರಿಗೆ ಬೇಕೋ ಮಗನ? ಈಗ ನಿಂತ ಜಾಗ ಹಾಕು, ಹೋಗು.”

ಕೊಟ್ಟಿಗೆಯಲ್ಲಿ ಫೋನಿನ ನೆಟ್ಟು ಆಮೆಯ ಹಾಗೆ ತೆವಳುತ್ತಿತ್ತು. ಅಡಿವೆಪ್ಪ ಊರಾಚೆಯ ಗಾಳಿಪಂಕದ ಗುಡ್ಡಕ್ಕೆ ಓಡಿದ, ಅಲ್ಲಿ ನೆಟ್ಟು ಚೆನ್ನಾಗಿ ಬರುತ್ತದೆ. ಗುಡ್ಡ ಹತ್ತಿ ಸೆಟ್ಟಿಂಗು ತೆರೆದು ಬೆಣ್ಣಿಹಾಳದ ಗುರುತು ಅಳಿಸಿದ. ನಿಮ್ಮ ಸ್ಥಳ ತಿಳಿಯಲು ಅನುಮತಿ ಕೊಡುವಿರಾ ಎಂದು ಫೋನು ಕೇಳಿತು. “ಒಲ್ಲೆ,” ಎಂದು ಗಟ್ಟಿಯಾಗಿ ಹೇಳಿ ಬೇಡ ಎನ್ನುವುದನ್ನೇ ಒತ್ತಿದ. ಫೋನು ಮತ್ತೆ ಕೇಳಿತು. ಮತ್ತೆ ಒಲ್ಲೆ ಎಂದ.

ಡಾಕ್ಟರು ಫೋನು ಮಾಡಿದರು. “ಈಗ ಗುರುತ ಇಲ್ಲಲ್ಲೋ. ಫೋನು ನಿನಗೇನರ ಕೇಳ್ತೇನು?”

“ಕೇಳೇ ಕೇಳತೈತ್ರಿ. ನಾನೂ ಒಲ್ಲೆ ಒಲ್ಲೆ ಅನ್ನಾಕತ್ತೇನ್ರಿ.”

“ಯಾಕಪಾ?”

“ಅವ್ವ ಹೇಳ್ಯಾಳ್ರಿ.”

ಡಾಕ್ಟರು ಒಂದು ಉಸಿರು ಬಿಟ್ಟರು. “ನೋಡು, ಅಲ್ಲಿ ಮೂಕಪ್ರಾಣಿ ಸಾಯಾಕತ್ತೈತಿ. ಇವತ್ತೊಂದು ದಿನ ಏನ್ ಕೇಳಿದ್ರೂ ಹೂಂ ಅನ್ನು.”

ಅಡಿವೆಪ್ಪ ಹೂಂ ಎಂದು ಒತ್ತಿದ. ಗುರುತು ಗುಡ್ಡದ ಮೇಲೆ ಟಣ್ಣನೆ ಬಂದು ಕೂತಿತು. ಸಂತೋಷದಿಂದ ಮನೆಯ ಕಡೆ ಓಡಿದ. ದಾರಿಯಲ್ಲಿ ತಿರಕಪ್ಪ ಎದುರಾದ. ಎಷ್ಟೋ ಎಮ್ಮೆಗಳ ಕರು ಎಳೆದ ಹಳೇ ಕೈ ಅವನದು, ಸುದ್ದಿ ಕೇಳಿ ಹಗ್ಗ ಹಿಡಿದು ಫಕೀರವ್ವನ ಕೊಟ್ಟಿಗೆಗೇ ಹೊರಟಿದ್ದ.

“ಎಮ್ಮಿ ಈತೇನೋ?”

“ಹೂಂ.”

“ಕರು ಚಲೋ ಐತಿ?”

“ಹೂಂ.”

“ಶಿವ ದೊಡ್ಡಾವ,” ಎಂದು ತಿರಕಪ್ಪ ಹಗ್ಗ ಹೆಗಲಿಗೆ ಹಾಕಿಕೊಂಡು ತನ್ನ ಹೊಲದ ದಾರಿ ಹಿಡಿದ. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಈ ಪೂಜಾರಿ ಬಂದ ದೇವರನ್ನೇ ಹಿಂದಕ್ಕೆ ಕಳಿಸಿದ.

ಇತ್ತ ಕರೆವ್ವನ ಕಣ್ಣುಗುಡ್ಡೆ ಮೇಲಾಗುತ್ತಿತ್ತು. ಫಕೀರವ್ವ ಅದರ ಬೆನ್ನು ನೀವುತ್ತ ಕೂತಿದ್ದಳು. ಹುಲ್ಲು ತಂದು ಹಾಕಿ ಸಾಕಿದ ಜೀವ ಅದು. ಅಳಬಾರದೆಂದು ಹಲ್ಲು ಕಚ್ಚಿದ್ದಳು, ಆದರೂ ಕಣ್ಣೀರು ಬಂತು. ಆಗ ಮತ್ತೆ ಫೋನು ಬಂತು. “ಬರೇ ಪಂಕಾ ತಿರಗಾಕತ್ತಾವು. ಗುಡ್ಡದ ಮ್ಯಾಲೆ ಎಮ್ಮಿ ಎಲ್ಲೈತೋ ಮಾರಾಯಾ?” ಡಾಕ್ಟರ ದನಿಯಲ್ಲಿ ಸಿಟ್ಟಿತ್ತು.

“ಅವ್ವ ನಿಂತ ಜಾಗ ಹಾಕು ಅಂದ್ಲರೀ. ನಾ ಅಲ್ಲೇ ನಿಂತಿದ್ನಿ.”

ಫಕೀರವ್ವ ಫೋನು ಕಸಿದುಕೊಂಡು ದಾರಿ ಹೇಳಹೋದಳು. ಕೆರೆ ಎನ್ನುವಷ್ಟರಲ್ಲಿ ಮಾತು ಕಡಿಯಿತು. ಮಗನ ಕಡೆ ತಿರುಗಿದಳು. “ನೀ ನಿಂತ ಜಾಗಲ್ಲೋ, ಎಮ್ಮಿ ನಿಂತ ಜಾಗ. ಇನ್ನ ಎಮ್ಮಿ ಬಿಟ್ಟು ಫೋನು ಅಲ್ಲಾಡಬಾರದು.”

ಅಡಿವೆಪ್ಪ ಹೇಳಿದ ಹಾಗೇ ಮಾಡಿದ. ಫೋನನ್ನು ತನ್ನ ಟವೆಲ್ಲಿನಿಂದ ಕರೆವ್ವನ ಕೊಂಬಿಗೆ ಬಿಗಿದು ಕಟ್ಟಿದ. ಗುರುತು ಮಾತ್ರ ಬರಲಿಲ್ಲ. ನಡುನಡುವೆ ಡಾಕ್ಟರ ದನಿ ಎಮ್ಮೆಯ ಕೊಂಬಿನಿಂದ ಕೇಳಿತು. “ಮ್ಯಾಲೆ ತಗಡು ಐತೇನು? ತಗಡಿನ ಕೆಳಗ ಅದಕ್ಕ ಜಾಗ ತಿಳಿಯಂಗಿಲ್ಲ. ಫೋನಿಗೆ ಆಕಾಶ ತೋರಿಸು.”

ಫೋನು ಎಮ್ಮೆಯನ್ನು ಬಿಡಬಾರದು. ಫೋನಿಗೆ ಆಕಾಶ ಕಾಣಬೇಕು. ಅಡಿವೆಪ್ಪ ಯೋಚಿಸಿದ. ಯೋಚಿಸಿ ಕೊಟ್ಟಿಗೆಯ ಮೇಲೆ ಹತ್ತಿದ. ಫಕೀರವ್ವ ಒಳಗೆ ನೀರು ಕಾಯಿಸುತ್ತಿದ್ದಳು. ದಡಬಡ ಸದ್ದಿಗೆ ಹೊರಗೆ ಬಂದರೆ ತಗಡುಗಳು ಅಂಗಳದಲ್ಲಿ ಬಿದ್ದಿವೆ, ನೋವು ತಿನ್ನುವ ಎಮ್ಮೆಯ ಮೇಲೆ ಸುಡುಬಿಸಿಲು ಸುರಿಯುತ್ತಿದೆ.

“ಮನೀ ಕಿತ್ತೆಲ್ಲೋ, ಹಾಳಾದವನ.”

“ಆಕಾಶ ತೋರಸಾಕತ್ತೀನಿ ಬೇ.”

ಫಕೀರವ್ವ ಬಿಸಿನೀರು ತರಲು ಒಳಗೆ ಹೋದಳು. ಅಷ್ಟರಲ್ಲಿ ಗುರುತು ಬಂತು. ಬಂತು, ಆದರೆ ಎಮ್ಮೆಯ ಮೇಲೆ ಬರಲಿಲ್ಲ. ಕೆರೆಯ ಏರಿ ದಾಟಿ ನೀರಿನಲ್ಲಿ ಹೋಗಿ ಕೂತಿತು. ಆಕಾಶದಿಂದ ನೋಡುವವರಿಗೆ ನಮ್ಮ ಕೊಟ್ಟಿಗೆ ಯಾವುದು, ಕೆರೆ ಯಾವುದು, ಪಾಪ.

ಡಾಕ್ಟರು ಕೊನೆಯ ಸಲ ಫೋನು ಮಾಡಿದರು. “ಗುರುತು ನೀರಾಗ ಐತಲ್ಲೋ. ನಾ ಅಲ್ಲಿಗೇ ಹೊಂಟೀನಿ. ಗುರುತು ಎಮ್ಮಿ ಎರಡೂ ಒಂದ ಕಡೆ ಇರಬೇಕು. ಈ ಸಲ ಇರಲಿಲ್ಲ ಅಂದ್ರ ನಾ ಹೊಳ್ಳಿ ಹೋಗ್ತೀನಿ.”

ವಾಪಸು ಹೋಗುತ್ತೇನೆ ಎಂದದ್ದು ಕೇಳಿ ಅಡಿವೆಪ್ಪನಿಗೆ ನಿಜವಾಗಿ ಹೆದರಿಕೆಯಾಯಿತು. ಕರೆವ್ವ ಎಂದರೆ ಅವನಿಗೂ ಜೀವ. ಅದರ ಹಗ್ಗ ಮೆಲ್ಲಗೆ ಬಿಚ್ಚಿದ. “ಏಳವ್ವ, ಸ್ವಲ್ಪ ನಡಿಯವ್ವ,” ಎಂದು ಕುತ್ತಿಗೆ ತಬ್ಬಿ ಎಬ್ಬಿಸಿದ.

ಫಕೀರವ್ವ ಬಿಸಿನೀರು ತಂದಳು. ಕೊಟ್ಟಿಗೆಗೆ ತಗಡಿಲ್ಲ. ಕೊಟ್ಟಿಗೆಯಲ್ಲಿ ಎಮ್ಮೆಯಿಲ್ಲ. ಮಗನೂ ಇಲ್ಲ. ಕೈಯಲ್ಲಿದ್ದ ಪಾತ್ರೆ ಅಲ್ಲೇ ಬಿಟ್ಟು, ಎಮ್ಮೆಯ ಹೆಜ್ಜೆ ನೋಡುತ್ತ ಏರಿ ಹತ್ತಿ ಓಡಿದಳು.

ಅದೇ ಹೊತ್ತಿಗೆ ಡಾಕ್ಟರು ಕೆರೆಯ ಏರಿಯ ಮೇಲೆ ಗಾಡಿ ನಿಲ್ಲಿಸಿದ್ದರು. ಬೆಣ್ಣಿಹಾಳ ಆಯಿತು, ಗುಡ್ಡ ಆಯಿತು, ಈಗ ಕೆರೆ. ಮನೆಯ ಸುಳಿವಿಲ್ಲ. ಗಾಡಿ ತಿರುಗಿಸಿ ಕಿಕ್ ಹೊಡೆಯಬೇಕು, ಅಷ್ಟರಲ್ಲಿ ನೀರಿನಿಂದ ಒಂದು ಕೂಗು ಬಂತು.

“ಇಲ್ಲೇ ಅದೀವ್ರಿ ಸಾಹೇಬ್ರ. ಒಂದ ಕಡೆ ಅದೀವ್ರಿ.”

ನೋಡಿದರೆ ಕೆಂಪು ಗುರುತು ಎಲ್ಲಿತ್ತೋ ಅಲ್ಲೇ ಎಮ್ಮೆಯ ತಲೆ, ಕೊಂಬಿಗೆ ಫೋನು, ಪಕ್ಕದಲ್ಲಿ ಸೊಂಟದ ತನಕ ಮುಳುಗಿದ ಅಡಿವೆಪ್ಪ. ಬೆಳಗಿನಿಂದ ಸುಳ್ಳಾಡಿದ ಪ್ರೊಫೈಲು ಆಗ ಮೊದಲ ಸಲ ನಿಜ ಹೇಳಿತ್ತು.

ಡಾಕ್ಟರು ಬೂಟು, ಪ್ಯಾಂಟು ಸಮೇತ ನೀರಿಗಿಳಿದರು. ಎಮ್ಮೆಯನ್ನು ದಂಡೆಗೆ ತಂದು ಒಳಗೆ ಕೈ ಹಾಕಿ ನೋಡಿದರು. ನಡೆದದ್ದಕ್ಕೋ, ನೀರಿನ ತಂಪಿಗೋ, ಮಡಚಿದ್ದ ಕಾಲು ಸ್ವಲ್ಪ ಸಡಿಲಾಗಿತ್ತು. “ಹಿಡಿ, ಎಳಿ, ಮೆಲ್ಲಕ,” ಎಂದರು. ಅಡಿವೆಪ್ಪ ಹೇಳಿದ ಹಾಗೇ ಹಿಡಿದ, ಹೇಳಿದ ಹಾಗೇ ಎಳೆದ, ಹೇಳಿದ ಹಾಗೇ ಮೆಲ್ಲಗೆ. ಕರು ಕೆಸರಿಗೆ ಜಾರಿತು. ಅಲ್ಲಾಡಲಿಲ್ಲ. ಡಾಕ್ಟರು ಅದರ ಮೂಗು ಒರೆಸಿದರು, ಎದೆ ತಿಕ್ಕಿದರು. ಅಷ್ಟರಲ್ಲಿ ಓಡಿ ಬಂದ ಫಕೀರವ್ವ ಸೆರಗಿನಿಂದ ಅದರ ಮೈ ಒರೆಸಿದಳು. ಕೊನೆಗೆ ಆ ಹೆಣ್ಣುಗರು ಒಂದು ಸೀನು ಸೀನಿತು. ಕರೆವ್ವ ಕತ್ತು ಚಾಚಿ ಅದನ್ನು ನೆಕ್ಕಿತು. ಫಕೀರವ್ವ ಕೆಸರಲ್ಲೇ ಕೂತು, ಮಗನ ತಲೆಗೆ ಒಂದು ಮೊಟಕಿ, ಅದೇ ತಲೆಯನ್ನು ಎದೆಗೊತ್ತಿಕೊಂಡು ಅತ್ತಳು. ಹೆತ್ತವರಿಗೆ ಹೆಗ್ಗಣ ಮುದ್ದು.

ಹೋಗುವಾಗ ಡಾಕ್ಟರು ಅಡಿವೆಪ್ಪನನ್ನು ಕರೆದರು. “ನಾಳೆ ಬಂದು ತಾಯಿ ಮಗಳನ್ನ ನೋಡ್ತೀನಿ. ದೇವರಾಣಿ, ಆ ಗುರುತು ಮಾತ್ರ ಇನ್ನ ಮುಟ್ಟಬ್ಯಾಡ.”

“ಆತ್ರಿ,” ಎಂದ ಅಡಿವೆಪ್ಪ.

ಮರುದಿನ ಫಕೀರವ್ವ ಎಳೆಗರುವಿನ ತಾಯ ಹಾಲಿನಲ್ಲಿ ಬೆಲ್ಲ ಏಲಕ್ಕಿ ಹಾಕಿ ಗಿಣ್ಣ ಮಾಡಿದಳು. ಗಿಣ್ಣವನ್ನು ಮಾರುವ ಪದ್ಧತಿ ನಮ್ಮಲ್ಲಿಲ್ಲ, ಹಂಚಬೇಕು. ಮೊದಲ ಪಾಲು ಡಾಕ್ಟರಿಗೆ ಎಂದು ಬೋಗುಣಿ ತುಂಬಿ ಮಗನ ಕೈಗಿಟ್ಟಳು. “ಅವರು ಇವತ್ತೂ ಹುಡುಕ್ಯಾಡಬಾರದು. ಮುಂದ ಹೋಗಿ ನಿಂತಿರು, ಬಂದ ಕೂಡಲೇ ಕೈಯಾಗ ಕೊಡು.”

“ಆತ ಬೇ.”

ನಜೀರ್ ಸಾಹೇಬರು ಏರಿಯ ಮೇಲೆ ಬಂದರು. ಮನೆಯ ದಾರಿ ಈಗ ಅವರಿಗೆ ಗೊತ್ತಿತ್ತು, ಆದರೂ ಯಾಕೋ ಅನುಮಾನ ಬಂದು ಗಾಡಿ ನಿಲ್ಲಿಸಿದರು. ಫೋನು ತೆಗೆದು ನೋಡಿದರು. ಗುರುತು ಕದಲಿರಲಿಲ್ಲ. ತಲೆಯೆತ್ತಿ ಕೆರೆ ನೋಡಿದರು. ನೀರಿನಲ್ಲಿ ಸೊಂಟದ ತನಕ ಅಡಿವೆಪ್ಪ ನಿಂತಿದ್ದ, ತಲೆಯ ಮೇಲೆ ಗಿಣ್ಣದ ಬೋಗುಣಿ ಹೊತ್ತು, ದಾರಿ ಕಾಯುತ್ತ.

ಡಾಕ್ಟರು ಕಲ್ಲಿನ ಮೇಲೆ ಕೂತು ಬೂಟು ಬಿಚ್ಚಿ, ಪ್ಯಾಂಟು ಮಡಿಸತೊಡಗಿದರು.